ಜಾಲಪುಟಕ್ಕೆ ಅಳತೆಗೋಲು ಯಾವುದು?

ಹೂವಿನ ಅಂಗಡಿಗಳಲ್ಲಿ ಮಲ್ಲಿಗೆಯ ಮಾಲೆಯನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಮಾರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಾರುವವರು ಮಾಲೆಯ ತುದಿಯನ್ನು ಬೆರಳುಗಳಲ್ಲಿ ಹಿಡಿದು, ಮೊಳಕೈಯವರೆಗೆ ಎಳೆದು, ಅಷ್ಟನ್ನು ಒಂದು ಮೊಳವೆಂದು ಎಣಿಸುತ್ತಾರೆ. ನೀಳವಾದ ತೋಳುಳ್ಳವರ ಮೊಳ ದೊಡ್ಡದು. ಗಿಡ್ಡ ತೋಳಿನವರದು ಚಿಕ್ಕದು. ಇವರಲ್ಲಿ ಯಾರೂ ಮೋಸ ಮಾಡಿದವರಲ್ಲ. ಇಬ್ಬರೂ ಹೇಳುವ ಮಾತು 'ಎರಡು ಮೊಳ' ಎಂಬುದೇ. ಮನೆಗೆ ಬಂದ ಮಾಲೆಯ ಉದ್ದ ಮಾತ್ರ ಬೇರೆಬೇರೆ.

ಗಣಕಯಂತ್ರವನ್ನು ಬಳಸುವವರಿಗೆ ಇಂತಹುದೇ ಒಂದು ಅನುಭವ ಆಗಾಗ ಆಗುತ್ತಿರುತ್ತದೆ. ಯಾವುದೋ ಒಂದು ಜಾಲತಾಣದ ಪುಟವನ್ನು ಕ್ರೋಮ್ ಎಂಬ ಬ್ರೌಸರಿನಲ್ಲಿ ತೆರೆದು ನೋಡಿ, ಅನಂತರ ಅದೇ ಪುಟವನ್ನು ಫೈರ್‌ಫಾಕ್ಸ್ ಎಂಬ ಬ್ರೌಸರಿನಲ್ಲಿ ತೆರೆದರೆ, ಅಕ್ಷರಗಳು ಒಂದರಲ್ಲಿ ಉಬ್ಬಿದಂತೆಯೂ ಇನ್ನೊಂದರಲ್ಲಿ ಕುಗ್ಗಿದಂತೆಯೂ ಕಾಣುವುದುಂಟು. ಗೆಳೆಯರ ಗಣಕಯಂತ್ರದಲ್ಲಿ ಅಂದವಾಗಿ ಮೂರು ಅಂಕಣಗಳಲ್ಲಿ ಹರಡಿದ್ದ ಪುಟ ನಮ್ಮಲ್ಲಿ ಎರಡೇ ಅಂಕಣಗಳಿಗೆ ಇಳಿದಿರುತ್ತದೆ. ಪುಟವನ್ನು ರಚಿಸಿದವರು '16 ಪಿಕ್ಸೆಲ್' ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಎರಡು ಬ್ರೌಸರುಗಳೂ ಆ ಆಜ್ಞೆಯನ್ನು ಓದಿವೆ. ಹಾಗಿದ್ದೂ ಈ ವ್ಯತ್ಯಾಸ ಬಂದುದು ಎಲ್ಲಿಂದ? ಯಾವುದೋ ಒಂದು ಬ್ರೌಸರು ಕೆಟ್ಟಿದೆಯೆಂದು ಬಹುಮಂದಿ ತೀರ್ಮಾನಿಸಿಬಿಡುತ್ತಾರೆ. ವಿಷಯವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಿದರೆ ದೋಷವು ಬ್ರೌಸರಿನದಕ್ಕಿಂತ ಹೆಚ್ಚಾಗಿ ಅಳತೆಗೋಲಿನದೆಂಬುದು ಗೊತ್ತಾಗುತ್ತದೆ.

ಮೊದಲಿಗೆ, ಜಾಲಪುಟವೆಂದರೆ ಒಂದು ಚಿತ್ರವಲ್ಲ ಎಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುದ್ರಣಾಲಯದಲ್ಲಿ ಪುಸ್ತಕದ ಪುಟವನ್ನು ಒಮ್ಮೆ ಜೋಡಿಸಿದರೆ ಸಾವಿರ ಪ್ರತಿಗಳಲ್ಲಿಯೂ ಅದು ಒಂದೇ ತೆರನಾಗಿ ಮೂಡುತ್ತದೆ. ಜಾಲದಲ್ಲಿ ನಮಗೆ ಬಂದು ತಲಪುವುದು ಹೀಗೆ ಅಚ್ಚಾದ ಪುಟವಲ್ಲ. ಅದು ಅಚ್ಚಿಗೆ ಕಳುಹಿಸುವ ಹಸ್ತಪ್ರತಿ. ಇದು ಶಿರೋನಾಮೆ, ಇದು ವಾಕ್ಯವೃಂದ, ಇಲ್ಲಿ ಚಿತ್ರ ಬರಲಿ ಎಂಬ ಸೂಚನೆಗಳು ಅದರ ಅಂಚಿನಲ್ಲಿರುತ್ತವೆ. ಮೊಳೆ ಜೋಡಿಸುವ ಕೆಲಸವನ್ನು ಪ್ರತಿಯೊಬ್ಬ ಓದುಗನ ಮನೆಯಲ್ಲಿಯೂ ಅವನ ಬ್ರೌಸರೇ ಆ ಕ್ಷಣದಲ್ಲಿ ಮಾಡಬೇಕು. ಹೀಗೆ ಒಂದೇ ಹಸ್ತಪ್ರತಿಯನ್ನು ಬೇರೆಬೇರೆ ಮುದ್ರಣಾಲಯಗಳಿಗೆ ಕೊಟ್ಟಂತಾಗುತ್ತದೆ. ಜಿನೀವಾದ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಈ ವ್ಯವಸ್ಥೆಯ ಪ್ರಸ್ತಾವವನ್ನು ಮುಂದಿಟ್ಟಾಗ ಅವರಿಗೆ ಬೇಕಾಗಿದ್ದುದು ಬಗೆಬಗೆಯ ಯಂತ್ರಗಳನ್ನು ಬಳಸುತ್ತಿದ್ದ ವಿಜ್ಞಾನಿಗಳು ಪರಸ್ಪರರ ಬರಹಗಳನ್ನು ಓದುವ ಸೌಕರ್ಯ. ಎಲ್ಲರ ಪರದೆಯ ಮೇಲೂ ಒಂದೇ ರೂಪ ಕಾಣಬೇಕೆಂಬ ಹಟ ಅವರಿಗಿರಲಿಲ್ಲ. ರೂಪದ ಚಿಂತೆ ಬಂದುದು ಅನಂತರ. 1994ರಲ್ಲಿ ಹೋಕನ್ ವಿಯುಮ್ ಲೀ ಎಂಬವರು ಅದಕ್ಕಾಗಿ ಬೇರೆಯೇ ಒಂದು ಶೈಲಿಭಾಷೆಯನ್ನು ಸೂಚಿಸಿದರು, ಸಿ.ಎಸ್.ಎಸ್. ಎಂಬ ಹೆಸರಿನ ಅದರ ಮೊದಲನೆಯ ವಿಧಿಗ್ರಂಥ 1996ರ ಡಿಸೆಂಬರಿನಲ್ಲಿ ಹೊರಬಿತ್ತು. ಅಳತೆಗಳ ಗೊಂದಲವೆಲ್ಲ ಈ ಭಾಷೆಯ ಒಡಲಿನಲ್ಲಿಯೇ ಇದೆ.

ಪರದೆಯ ಮೇಲಿನ ಚಿತ್ರ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿಂದ ಆದುದು. ಈ ಚುಕ್ಕೆಗೇ ಪಿಕ್ಸೆಲ್ ಎಂದು ಹೆಸರು. ಹಾಗಾದರೆ ಚುಕ್ಕೆಯನ್ನೇ ಅಳತೆಯ ಮೂಲಮಾನವಾಗಿ ಇಟ್ಟುಕೊಂಡರೆ ಆಗದೇ ಎಂದು ಯಾರಿಗಾದರೂ ತೋರಬಹುದು. ಒಂದು ಲೆಕ್ಕ ಮಾಡಿ ನೋಡೋಣ. 15.6 ಇಂಚು ಕರ್ಣದ ಎರಡು ಮಡಿಲುಗಣಕಗಳಿವೆಯೆಂದು ಭಾವಿಸಿ. ಒಂದರ ಪರದೆಯಲ್ಲಿ ಅಡ್ಡಲಾಗಿ 1366, ಉದ್ದಕ್ಕೆ 768 ಚುಕ್ಕೆಗಳು. ಇನ್ನೊಂದರಲ್ಲಿ 1920 ಮತ್ತು 1080. ಪರದೆಯ ಗಾತ್ರ ಒಂದೇ ಆದುದರಿಂದ ಎರಡನೆಯದರ ಚುಕ್ಕೆಗಳು ಕಿರಿದಾಗಲೇಬೇಕು. ಪೈಥಾಗೊರಸನ ಪ್ರಮೇಯವನ್ನು ಉಪಯೋಗಿಸಿ ಎಣಿಸಿದರೆ ಮೊದಲನೆಯದರಲ್ಲಿ ಇಂಚಿಗೆ ಸುಮಾರು 100, ಎರಡನೆಯದರಲ್ಲಿ ಸುಮಾರು 141 ಚುಕ್ಕೆಗಳು ಬರುತ್ತವೆ. 16 ಚುಕ್ಕೆ ಎತ್ತರದ ಅಕ್ಷರವು ಮೊದಲನೆಯ ಪರದೆಯಲ್ಲಿ 4 ಮಿಲಿಮೀಟರಿನಷ್ಟಿದ್ದರೆ ಎರಡನೆಯದರಲ್ಲಿ 3 ಮಿಲಿಮೀಟರಿಗೂ ಕಡಿಮೆ. ನಲವತ್ತು ದಾಟಿ ಚಾಳೀಸು ಬಂದವರಿಗೆ ಈ ಒಂದು ಮಿಲಿಮೀಟರಿನ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಶೈಲಿಭಾಷೆಯನ್ನು ರೂಪಿಸಿದವರು ಈ ತೊಡಕನ್ನು ಮುಂಗಂಡಿದ್ದರು. ಆದುದರಿಂದ ಅವರ ಪಿಕ್ಸೆಲ್ ಪರದೆಯ ಚುಕ್ಕೆಯಲ್ಲ; ಅದೊಂದು ಕೋನ! ಇಂಚಿಗೆ 96 ಚುಕ್ಕೆಗಳುಳ್ಳ ಪರದೆಯನ್ನು ಒಂದು ತೋಳಿನಷ್ಟು ದೂರದಲ್ಲಿಟ್ಟು ನೋಡಿದರೆ ಒಂದು ಚುಕ್ಕೆಯು ಕಣ್ಣಿನಲ್ಲಿ ಎಷ್ಟು ಕೋನವನ್ನು ಉಂಟುಮಾಡುತ್ತದೆಯೋ ಅದೇ ಪ್ರಮಾಣಭೂತವಾದ ಪಿಕ್ಸೆಲ್ ಎಂದು ಈಗಿನ ವಿಧಿ ಹೇಳುತ್ತದೆ. ತೋಳಿನ ಉದ್ದವನ್ನು 28 ಇಂಚು ಎಂದು ಇಟ್ಟುಕೊಂಡಿದ್ದಾರೆ. ಹೂವಿನವರ ಮೊಳವನ್ನು ನಾವು ಮೊದಲಿಗೆ ನೆನೆದುದು ಕೇವಲ ಅಲಂಕಾರಕ್ಕಲ್ಲವೆಂಬುದು ಇಲ್ಲಿ ವಾಚಕರಿಗೆ ತಿಳಿದೀತು. ಅತ್ಯಾಧುನಿಕ ಯಂತ್ರದ ಅಳತೆಯೂ ಕೊನೆಗೆ ಮನುಷ್ಯನ ತೋಳನ್ನೇ ಆಶ್ರಯಿಸಿದೆ. ಈ ಕೋನ ಒಂದು ಡಿಗ್ರಿಯ ನೂರನೆಯ ಎರಡು ಪಾಲಿಗಿಂತ ತುಸು ಹೆಚ್ಚು, ಎಂದರೆ 0.0213 ಡಿಗ್ರಿ. ಹುಣ್ಣಿಮೆಯ ಚಂದ್ರನ ಬಿಂಬವು ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ತೋರುತ್ತದೆ. ಅದು ಇಂತಹ 24 ಪಿಕ್ಸೆಲುಗಳಿಗೆ ಸಮ. ಆದುದರಿಂದ 16 ಪಿಕ್ಸೆಲ್ ಅಳತೆಯ ಅಕ್ಷರವು ಚಂದ್ರಬಿಂಬದ ಮೂರರಲ್ಲಿ ಎರಡು ಪಾಲಿನಷ್ಟು ಎತ್ತರವಾಗಿ ಕಾಣಬೇಕು. ಕೈಯಲ್ಲಿ ಹಿಡಿದ ಫೋನಿನಲ್ಲಿ ಅಕ್ಷರ ನಿಜವಾಗಿ ಚಿಕ್ಕದಾಗಿದ್ದರೂ, ಗೋಡೆಯ ಮೇಲಿನ ಪರದೆಯಲ್ಲಿ ದೊಡ್ಡದಾಗಿದ್ದರೂ, ನೋಡುವ ದೂರವೂ ಅದೇ ಪ್ರಮಾಣದಲ್ಲಿ ಬದಲಾಗುವುದರಿಂದ ಕಣ್ಣಿಗೆ ಎಲ್ಲವೂ ಸಮನಾಗಿ ತೋರಬೇಕೆಂಬುದು ಇದರ ಆಶಯ. ಮೂರೂವರೆ ಮೀಟರು ದೂರದ ಪರದೆಯಲ್ಲಿ ಈ ಪಿಕ್ಸೆಲ್ 1.3 ಮಿಲಿಮೀಟರಿನಷ್ಟಿರಬೇಕಾಗುತ್ತದೆ.

ಆಶಯವೇನೋ ಸೊಗಸಾದುದು. ಆದರೆ ಬ್ರೌಸರಿಗೆ ಕಣ್ಣಿಲ್ಲ. ಓದುಗನು ಪರದೆಯಿಂದ ಎಷ್ಟು ದೂರದಲ್ಲಿ ಕುಳಿತಿದ್ದಾನೆಂಬುದು ಅದಕ್ಕೆ ತಿಳಿಯದು. ಅನೇಕ ವೇಳೆ ಪರದೆ ನಿಜವಾಗಿ ಎಷ್ಟು ಇಂಚು ಅಗಲವಾಗಿದೆಯೆಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಂತ್ರದ ಕಾರ್ಯವ್ಯವಸ್ಥೆ ಯಾವುದೋ ಒಂದು ಸಂಖ್ಯೆಯನ್ನು ಹೇಳುತ್ತದೆ. ಬ್ರೌಸರು ಅದನ್ನು ನಂಬುತ್ತದೆ, ಅಥವಾ ನಂಬದೆ ತನ್ನದೇ ಸಂಖ್ಯೆಯನ್ನು ಹಿಡಿಯುತ್ತದೆ. ವ್ಯತ್ಯಾಸ ಹುಟ್ಟುವುದು ಮುಖ್ಯವಾಗಿ ಇಲ್ಲಿಯೇ.

ಇದರ ಇತಿಹಾಸ ಸ್ವಾರಸ್ಯವಾಗಿದೆ. 1984ರಲ್ಲಿ ಬಂದ ಮೊದಲನೆಯ ಮ್ಯಾಕಿಂಟಾಷ್ ಗಣಕಯಂತ್ರದ ಪರದೆಯಲ್ಲಿ ಇಂಚಿಗೆ 72 ಚುಕ್ಕೆಗಳಿದ್ದವು. ಅಚ್ಚಿನ ಕೆಲಸದಲ್ಲಿ ಅಕ್ಷರದ ಅಳತೆಗೆ ಪಾಯಿಂಟ್ ಎಂಬ ಮಾನವಿದೆ; ಗಣಕಮುದ್ರಣದಲ್ಲಿ ಒಂದು ಇಂಚಿಗೆ 72 ಪಾಯಿಂಟುಗಳು. ಆದುದರಿಂದ ಮ್ಯಾಕಿಂಟಾಷಿನಲ್ಲಿ ಒಂದು ಪಾಯಿಂಟಿಗೆ ಒಂದು ಚುಕ್ಕೆ; ಪರದೆಯ ಮೇಲೆ ಕಂಡ ಅಳತೆಯೇ ಕಾಗದದ ಮೇಲೂ ಬರುತ್ತಿತ್ತು. ವಿಂಡೋಸ್ ವ್ಯವಸ್ಥೆ ಇಂಚಿಗೆ 96 ಚುಕ್ಕೆಗಳೆಂದು ಭಾವಿಸಿಕೊಂಡಿತು. ಪುಸ್ತಕವನ್ನು ಹಿಡಿಯುವುದಕ್ಕಿಂತ ಹೆಚ್ಚು ದೂರದಿಂದ ಪರದೆಯನ್ನು ನೋಡುತ್ತೇವಾದುದರಿಂದ ಅಕ್ಷರವನ್ನು ಮೂರನೆಯ ಒಂದು ಪಾಲು ಹಿಗ್ಗಿಸಿ ತೋರಿಸುವುದು ಲೇಸೆಂಬುದು ಅದರ ಹಿಂದಿನ ವಾದ. ಎರಡೂ ಯುಕ್ತಿಯುಕ್ತವೇ. ಪರಿಣಾಮವೇನಾಯಿತೆಂದರೆ, ಪುಟವನ್ನು ರಚಿಸುವವರು '9 ಪಾಯಿಂಟ್' ಎಂದು ಬರೆದರೆ ವಿಂಡೋಸಿನಲ್ಲಿ ಅಕ್ಷರಕ್ಕೆ 12 ಚುಕ್ಕೆಗಳು ಸಿಕ್ಕುತ್ತಿದ್ದವು, ಮ್ಯಾಕಿಂಟಾಷಿನಲ್ಲಿ ಒಂಬತ್ತೇ. ವಿಂಡೋಸಿನಲ್ಲಿ ಹಿತವಾಗಿ ಓದಬಹುದಾಗಿದ್ದ ಬರಹ ಇನ್ನೊಂದೆಡೆ ಇರುವೆಯ ಸಾಲಿನಂತೆ ಕಾಣುತ್ತಿತ್ತು. 2000ದ ಮಾರ್ಚಿನಲ್ಲಿ ಮ್ಯಾಕಿಂಟಾಷಿಗಾಗಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿ ಈ ಜಗಳವನ್ನು ನಿಲ್ಲಿಸಲು ತಾನೂ ಇಂಚಿಗೆ 96 ಎಂಬ ಲೆಕ್ಕವನ್ನೇ ಒಪ್ಪಿ, ಅಕ್ಷರದ ಸಹಜವಾದ ಅಳತೆಯನ್ನು 16 ಪಿಕ್ಸೆಲ್ ಎಂದು ಇರಿಸಿತು. ಇಂದಿನ ಪ್ರಮುಖ ಬ್ರೌಸರುಗಳಲ್ಲಿಯೂ, ಬೇರೆ ಸೂಚನೆಯಿಲ್ಲದಿದ್ದರೆ, ಅಕ್ಷರದ ಅಳತೆ 16 ಪಿಕ್ಸೆಲೇ.

ಅಷ್ಟರಲ್ಲಿ ಒಂದು ಅನಾಹುತ ನಡೆದುಹೋಗಿತ್ತು. ಪಾಯಿಂಟನ್ನು ನಂಬಿ ಮೋಸಹೋದ ಪುಟರಚಕರು ಎಲ್ಲ ಅಳತೆಗಳನ್ನೂ ಪಿಕ್ಸೆಲಿನಲ್ಲಿಯೇ ಬರೆಯತೊಡಗಿದರು; ಚುಕ್ಕೆಯಾದರೂ ಎರಡು ಕಡೆಯೂ ಚುಕ್ಕೆಯೇ ಅಲ್ಲವೇ ಎಂಬುದು ಅವರ ಸಮಾಧಾನ. ಆದರೆ ಆ ಕಾಲದಲ್ಲಿ ಬಹುಜನರು ಬಳಸುತ್ತಿದ್ದ ವಿಂಡೋಸಿನ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಅಕ್ಷರವನ್ನು ಹಿಗ್ಗಿಸಲು ಇದ್ದ ಸೌಲಭ್ಯವು ಪಿಕ್ಸೆಲಿನಲ್ಲಿ ಬರೆದ ಅಕ್ಷರಗಳನ್ನು ಮುಟ್ಟುತ್ತಲೇ ಇರಲಿಲ್ಲ. 2001ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿಯೂ ಇದೇ ಸ್ಥಿತಿ. ಮಂದದೃಷ್ಟಿಯ ಓದುಗನು ಪಟ್ಟಿಯಲ್ಲಿ 'ಅತಿ ದೊಡ್ಡದು' ಎಂಬುದನ್ನು ಆರಿಸಿದರೂ ಪುಟ ಕದಲುತ್ತಿರಲಿಲ್ಲ. ಎಲ್ಲೆಡೆಯೂ ಒಂದೇ ಗಾತ್ರ ಕಾಣಬೇಕೆಂಬ ರಚಕನ ಹಂಬಲಕ್ಕೆ, ಓದಲೇಬೇಕಾಗಿದ್ದವನ ಕಣ್ಣು ಬೆಲೆ ತೆತ್ತಿತು. 2006ರ ಏಳನೆಯ ಆವೃತ್ತಿಯಲ್ಲಿ ಇಡೀ ಪುಟವನ್ನೇ, ಚಿತ್ರಗಳ ಸಮೇತ, ಹಿಗ್ಗಿಸುವ ವ್ಯವಸ್ಥೆ ಬಂದ ಮೇಲೆ ಈ ತೊಂದರೆ ಬಹುಮಟ್ಟಿಗೆ ತಪ್ಪಿತು. ಒಪೆರಾ ಎಂಬ ಬ್ರೌಸರಿನಲ್ಲಿ ಈ ಸೌಲಭ್ಯ ಅದಕ್ಕೂ ಮೊದಲೇ ಇತ್ತು. ಫೈರ್‌ಫಾಕ್ಸ್ 2008ರಲ್ಲಿ ಇದನ್ನು ಅಳವಡಿಸಿಕೊಂಡಿತು.

ಈಗ ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಒಂದು ಪ್ರಸಂಗವನ್ನು ನೋಡೋಣ. ಚುಕ್ಕೆಗಳು ದಟ್ಟವಾದಂತೆ ಎಲ್ಲವೂ ಕಿರಿದಾಗುವುದನ್ನು ತಡೆಯಲು ವಿಂಡೋಸಿನಲ್ಲಿ ಒಂದು ಹಿಗ್ಗುಮಾನವಿದೆ. ಅದನ್ನು 100, 125, 150 ಪ್ರತಿಶತ ಎಂದು ಮುಂತಾಗಿ ಆರಿಸಬಹುದು. ಎಷ್ಟೋ ಮಡಿಲುಗಣಕಗಳು ಅಂಗಡಿಯಿಂದ ಬರುವಾಗಲೇ 125 ಅಥವಾ 150ಕ್ಕೆ ಹೊಂದಿಸಿಕೊಂಡೇ ಬರುತ್ತವೆ. 2013ರ ಜೂನ್ ತಿಂಗಳವರೆಗೆ ಫೈರ್‌ಫಾಕ್ಸ್ ಪುಟಗಳನ್ನು ತೋರಿಸುವಾಗ ಈ ಹಿಗ್ಗುಮಾನವನ್ನು ಲೆಕ್ಕಿಸುತ್ತಿರಲಿಲ್ಲ. ಆ ತಿಂಗಳು ಹೊರಬಂದ 22ನೆಯ ಆವೃತ್ತಿ ಅದನ್ನು ಗೌರವಿಸತೊಡಗಿತು. ಹಿಂದಿನ ರಾತ್ರಿ ಒಂದು ಅಳತೆಯಲ್ಲಿ ಕಂಡ ಪುಟಗಳೆಲ್ಲ ಬೆಳಗಾಗುವಷ್ಟರಲ್ಲಿ ಕಾಲು ಪಾಲು ಉಬ್ಬಿದ್ದವು. ಚಿತ್ರಗಳ ಅಂಚುಗಳು ಮಸುಕಾಗಿದ್ದವು. ಏಕೆಂದರೆ 100 ಚುಕ್ಕೆಗಳಿಗಾಗಿ ಮಾಡಿದ ಚಿತ್ರವನ್ನು ಈಗ 125 ಚುಕ್ಕೆಗಳ ಮೇಲೆ ಎಳೆದು ಹಾಸಬೇಕಾಗಿತ್ತು. ಪಕ್ಕದಲ್ಲಿಯೇ ತೆರೆದಿದ್ದ ಕ್ರೋಮ್ ಆ ಹೊತ್ತಿಗೆ ಹಿಗ್ಗುಮಾನವನ್ನು ಗಣಿಸದೆ ಹಳೆಯ ಅಳತೆಯಲ್ಲಿಯೇ ಪುಟವನ್ನು ತೋರಿಸುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರು 2009ರ ಎಂಟನೆಯ ಆವೃತ್ತಿಯಿಂದಲೇ ಹಿಗ್ಗುಮಾನವನ್ನು ಅನುಸರಿಸುತ್ತಿತ್ತು. ಒಂದೇ ಮೇಜು, ಒಂದೇ ಪರದೆ, ಒಂದೇ ಪುಟ. ಅಳತೆ ಮಾತ್ರ ಎರಡು! ಫೈರ್‌ಫಾಕ್ಸ್ ಕೆಟ್ಟುಹೋಯಿತೆಂದು ಅನೇಕರು ದೂರಿದರು. ನಮ್ಮ ಅಭಿಪ್ರಾಯದಲ್ಲಿ ಅದು ಕೆಟ್ಟುದಲ್ಲ, ಸರಿಹೋದುದು. ಓದುಗನು ತನ್ನ ಯಂತ್ರಕ್ಕೆ 'ನನಗೆ ಎಲ್ಲವೂ ಕಾಲು ಪಾಲು ದೊಡ್ಡದಾಗಿ ಕಾಣಲಿ' ಎಂದು ಹೇಳಿದ ಮೇಲೆ ಬ್ರೌಸರೊಂದೇ ಆ ಮಾತನ್ನು ಕೇಳದಿರುವುದು ನ್ಯಾಯವೆನಿಸದು. ಮುಂದಿನ ಕೆಲವು ವರ್ಷಗಳಲ್ಲಿ ಕ್ರೋಮ್ ಕೂಡ ಅದೇ ದಾರಿಗೆ ಬಂತು.

ಹಿಗ್ಗುಮಾನವು ಅಕ್ಷರವನ್ನು ದೊಡ್ಡದು ಮಾಡುವುದಷ್ಟೇ ಅಲ್ಲ, ಪುಟದ ರಚನೆಯನ್ನೂ ಬದಲಿಸುತ್ತದೆ. ಪರದೆಯ ಅಗಲ 1920 ಚುಕ್ಕೆ. ಹಿಗ್ಗುಮಾನ 125 ಆದರೆ ಬ್ರೌಸರಿನ ದೃಷ್ಟಿಯಲ್ಲಿ ಅಗಲ 1536 ಪಿಕ್ಸೆಲ್ ಮಾತ್ರ. 150 ಆದರೆ 1280. ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟಗಳು 2010ರಿಂದ ಈಚೆಗೆ ಬಳಕೆಗೆ ಬಂದಿವೆ. 'ಅಗಲ 1400ಕ್ಕಿಂತ ಕಡಿಮೆಯಿದ್ದರೆ ಮೂರನೆಯ ಅಂಕಣವನ್ನು ಕೆಳಕ್ಕೆ ಇಳಿಸು' ಎಂಬಂತಹ ಆಜ್ಞೆ ಅವುಗಳಲ್ಲಿ ಇರುತ್ತದೆ. ಗೆಳೆಯರ ಯಂತ್ರದಲ್ಲಿ ಮೂರು ಅಂಕಣ, ನಮ್ಮಲ್ಲಿ ಎರಡು ಎಂಬ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಇದರ ಪರಮಾವಧಿಯನ್ನು ಫೋನುಗಳಲ್ಲಿ ಕಾಣಬಹುದು. 2007ರ ಮೊದಲ ಐಫೋನಿನ ಪರದೆಯ ಅಗಲ 320 ಚುಕ್ಕೆಗಳು. ಆ ಕಾಲದ ಪುಟಗಳು ದೊಡ್ಡ ಪರದೆಗಾಗಿ ಮಾಡಿದವಾದುದರಿಂದ, ಅದರ ಬ್ರೌಸರು ತನಗೆ 980 ಪಿಕ್ಸೆಲ್ ಅಗಲವಿದೆಯೆಂದು ಸುಳ್ಳು ಹೇಳಿ, ಪುಟವನ್ನು ಜೋಡಿಸಿ, ಅನಂತರ ಇಡಿಯಾಗಿ ಮೂರನೆಯ ಒಂದು ಪಾಲಿಗೆ ಕುಗ್ಗಿಸಿ ತೋರಿಸುತ್ತಿತ್ತು. 16 ಪಿಕ್ಸೆಲಿನ ಅಕ್ಷರಕ್ಕೆ ಉಳಿಯುತ್ತಿದ್ದುದು ಐದೇ ಚುಕ್ಕೆ, ಒಂದು ಮಿಲಿಮೀಟರಿಗೂ ಕಡಿಮೆ. ಪುಟದ ತಲೆಯಲ್ಲಿ ಒಂದು ಸಾಲನ್ನು ಸೇರಿಸಿ 'ಸುಳ್ಳು ಬೇಡ, ನಿಜವಾದ ಅಗಲವನ್ನೇ ಹೇಳು' ಎಂದು ತಿಳಿಸುವ ಪದ್ಧತಿ ಆಗಲೇ ಹುಟ್ಟಿತು. ಈ ಸಾಲನ್ನು ಮರೆತ ಪುಟಗಳು ಇಂದಿಗೂ ಫೋನಿನಲ್ಲಿ ಅಂಚೆಚೀಟಿಯಂತೆ ಕಾಣುತ್ತವೆ. 2010ರ ಐಫೋನ್ 4ರಲ್ಲಿ ಚುಕ್ಕೆಗಳು ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿಯಾದಾಗ ಪುಟಗಳು ಇನ್ನಷ್ಟು ಕುಗ್ಗಲಿಲ್ಲ. ಒಂದು ಪಿಕ್ಸೆಲಿಗೆ ನಾಲ್ಕು ಚುಕ್ಕೆಗಳನ್ನು ಕೊಟ್ಟು ಅಕ್ಷರವನ್ನು ನುಣುಪು ಮಾಡಿದರು.

ಓದುಗನೇ ಕೈಯಾರೆ ಹಿಗ್ಗಿಸಿದಾಗಲೂ ಬ್ರೌಸರುಗಳು ಒಂದೇ ಹೆಜ್ಜೆ ಇಡುವುದಿಲ್ಲ. ಕಂಟ್ರೋಲ್ ಕೀಲಿಯೊಡನೆ ಕೂಡುವ ಚಿಹ್ನೆಯನ್ನು ಮೂರು ಸಾರಿ ಒತ್ತಿದರೆ ಕ್ರೋಮ್ 110, 125, 150 ಎಂದು ಏರುತ್ತದೆ. ಫೈರ್‌ಫಾಕ್ಸ್ 110, 120, 133 ಎಂದು ಏರುತ್ತದೆ. ಇದಲ್ಲದೆ ಬ್ರೌಸರು ಹೀಗೆ ಹಿಗ್ಗಿಸಿದುದನ್ನು ಪ್ರತಿಯೊಂದು ಜಾಲತಾಣಕ್ಕೂ ಬೇರೆಬೇರೆಯಾಗಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಕಂಟ್ರೋಲ್ ಕೀಲಿಯ ಮೇಲೆ ಬೆರಳಿದ್ದಾಗ ಇಲಿಯ ಚಕ್ರ ಅಕಸ್ಮಾತ್ತಾಗಿ ತಿರುಗಿದರೂ ಸಾಕು, ಆ ಒಂದು ತಾಣ ತಿಂಗಳುಗಟ್ಟಲೆ ಬೇರೆ ಗಾತ್ರದಲ್ಲಿ ತೆರೆಯುತ್ತಿರುತ್ತದೆ.

ಅಕ್ಷರದ ಮಾತು ಹೀಗಾದರೆ ಪೆಟ್ಟಿಗೆಗಳ ಮಾತು ಬೇರೆ. ಪುಟದ ಪ್ರತಿಯೊಂದು ಭಾಗವನ್ನೂ ಬ್ರೌಸರು ಒಂದು ಆಯತಾಕಾರದ ಪೆಟ್ಟಿಗೆಯೆಂದು ಎಣಿಸುತ್ತದೆ. ಬಡಗಿಗೆ ಮೂರು ಅಡಿ ಅಗಲದ ಬಾಗಿಲು ಬೇಕೆಂದು ಹೇಳಿದರೆ, ಬಾಗಿಲುವಾಡ ಸೇರಿಯೋ ಬಿಟ್ಟೋ ಎಂದು ಅವನು ಕೇಳಬೇಕು. ಕೇಳದಿದ್ದರೆ ಗೋಡೆಯ ಕಿಂಡಿಗೆ ಅದು ಕೂಡುವುದಿಲ್ಲ. 1996ರ ವಿಧಿಗ್ರಂಥದ ಪ್ರಕಾರ ಅಗಲವೆಂದರೆ ಒಳಗಿನ ವಸ್ತುವಿನ ಅಗಲ ಮಾತ್ರ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ವಿಂಡೋಸ್ ಆವೃತ್ತಿಗಳು ಐದನೆಯದರವರೆಗೆ ಅಂಚನ್ನೂ ಒಳಗಿನ ತೆರವನ್ನೂ ಸೇರಿಸಿಯೇ ಅಗಲವೆಂದು ತಿಳಿದವು. ಅಗಲ 200, ಎರಡು ಪಕ್ಕದ ತೆರವು 20ರಂತೆ 40, ಅಂಚು 5ರಂತೆ 10 ಎಂದಿಟ್ಟುಕೊಂಡರೆ, ವಿಧಿಯನ್ನು ಪಾಲಿಸುವ ಬ್ರೌಸರಿನಲ್ಲಿ ಪೆಟ್ಟಿಗೆ 250 ಪಿಕ್ಸೆಲ್, ಅದರಲ್ಲಿ 200. ಸಾಲಾಗಿ ನಾಲ್ಕು ಪೆಟ್ಟಿಗೆಗಳಿದ್ದರೆ ವ್ಯತ್ಯಾಸ ಒಂದು ಪೂರ್ತಿ ಪೆಟ್ಟಿಗೆಯಷ್ಟಾಯಿತು! ಆರನೆಯ ಆವೃತ್ತಿ ತಪ್ಪನ್ನು ತಿದ್ದಿಕೊಂಡಿತಾದರೂ, ಪುಟದ ಮೊದಲ ಸಾಲಿನಲ್ಲಿ ತಕ್ಕ ಘೋಷಣೆಯಿದ್ದಾಗ ಮಾತ್ರ ಹೊಸ ಲೆಕ್ಕ, ಇಲ್ಲವಾದರೆ ಹಳೆಯ ಲೆಕ್ಕ ಎಂಬ ಇಬ್ಬಂದಿ ನೀತಿಯನ್ನು ಅನುಸರಿಸಿತು. ತಮಾಷೆಯೆಂದರೆ, ಎಕ್ಸ್‌ಪ್ಲೋರರಿನ 'ತಪ್ಪು' ಲೆಕ್ಕವೇ ಹೆಚ್ಚು ಅನುಕೂಲವೆಂದು ಪುಟರಚಕರಿಗೆ ಕ್ರಮೇಣ ತೋರಿತು. ಈಗ ಯಾವ ಲೆಕ್ಕ ಬೇಕೆಂಬುದನ್ನು ಅವರೇ ಒಂದು ಮಾತಿನಲ್ಲಿ ಹೇಳಬಹುದು, ಮತ್ತು ಬಹುಮಂದಿ ಆರಿಸುವುದು ಆ ಹಳೆಯ ಲೆಕ್ಕವನ್ನೇ.

ಕನ್ನಡದ ಓದುಗರನ್ನು ವಿಶೇಷವಾಗಿ ಕಾಡುವ ಇನ್ನೊಂದು ಕಾರಣವಿದೆ. ಅಕ್ಷರದ ಅಳತೆ 16 ಎಂದರೆ ಅಕ್ಷರದ ಎತ್ತರವೇ 16 ಎಂದು ನಾವು ಇಲ್ಲಿಯವರೆಗೆ ಸ್ಥೂಲವಾಗಿ ಹೇಳಿಕೊಂಡು ಬಂದೆವು. ನಿಜವಾಗಿ ಅದು ಮೊಳೆಯ ಒಡಲಿನ ಎತ್ತರ. ಸೀಸದ ಮೊಳೆಗಳ ಕಾಲದಿಂದ ಬಂದ ವಾಡಿಕೆ. ಒಡಲಿನಲ್ಲಿ ಅಕ್ಷರದ ಮುಖವನ್ನು ಎಷ್ಟು ದೊಡ್ಡದಾಗಿ ಕೆತ್ತಬೇಕೆಂಬುದು ಅಕ್ಷರಶಿಲ್ಪಿಗೆ ಬಿಟ್ಟದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ವರ್ಡಾನಾ ಎಂಬುದು ಅದೇ ಅಳತೆಯ ಟೈಮ್ಸ್‌ಗಿಂತ ಬಹಳ ದೊಡ್ಡದಾಗಿ ಕಾಣುವುದು ಇದರಿಂದಲೇ. ಕನ್ನಡದಲ್ಲಾದರೋ ಮುಖ್ಯಾಕ್ಷರದ ಕೆಳಗೆ ಒತ್ತಕ್ಷರಗಳಿಗೂ ಜಾಗ ಬೇಕು. 'ರಾಷ್ಟ್ರ', 'ಸ್ತ್ರೀ' ಎಂಬ ಮಾತುಗಳನ್ನು ನೋಡಿದರೆ ಸಾಕು, ಒಡಲಿನ ಕೆಳಭಾಗದಲ್ಲಿ ಎಷ್ಟು ಸ್ಥಳವನ್ನು ಕಾದಿರಿಸಬೇಕೆಂಬುದು ಗೊತ್ತಾಗುತ್ತದೆ. ಆ ಸ್ಥಳವನ್ನು ಕೊಟ್ಟಷ್ಟೂ ಮೇಲಿನ ಅಕ್ಷರ ಕಿರಿದಾಗಬೇಕು, ಇಲ್ಲವೆ ಸಾಲುಗಳ ಅಂತರ ಹೆಚ್ಚಬೇಕು. ಒಬ್ಬೊಬ್ಬ ಶಿಲ್ಪಿ ಇದನ್ನು ಒಂದೊಂದು ರೀತಿಯಲ್ಲಿ ಬಗೆಹರಿಸಿದ್ದಾನೆ.

ಪುಟದಲ್ಲಿ ಹೆಸರಿಸಿದ ಅಕ್ಷರಗುಚ್ಛದಲ್ಲಿ ಕನ್ನಡವಿಲ್ಲದಿದ್ದರೆ ಬ್ರೌಸರು ಯಂತ್ರದಲ್ಲಿರುವ ಬೇರೊಂದು ಗುಚ್ಛವನ್ನು ಹುಡುಕಿ ತರುತ್ತದೆ. ಆಗ ಸಿಕ್ಕುವುದು ಯಂತ್ರಯಂತ್ರಕ್ಕೆ ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಇತ್ತು. 2012ರ ವಿಂಡೋಸ್ 8ರಿಂದ ನಿರ್ಮಲಾ ಬಂದಿತು. ಮ್ಯಾಕಿಂಟಾಷಿನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ. ಪುಟದಲ್ಲಿ ಸಾಲಿನ ಎತ್ತರವನ್ನು ನಿರ್ದಿಷ್ಟವಾಗಿ ಹೇಳದಿದ್ದರೆ ಅದನ್ನೂ ಈ ಗುಚ್ಛವೇ ನಿರ್ಧರಿಸುತ್ತದೆ. ಇಂಗ್ಲಿಷ್ ವಾಕ್ಯದ ನಡುವೆ ಒಂದೇ ಒಂದು ಕನ್ನಡ ಪದ ಬಂದರೂ ಆ ಸಾಲು ಮಾತ್ರ ತುಸು ಎದ್ದುನಿಲ್ಲುವುದನ್ನು ವಾಚಕರು ಗಮನಿಸಿರಬಹುದು. ಇಂಗ್ಲಿಷನ್ನು ಮಾತ್ರ ನೋಡಿ ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿದ ಪುಟಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದೂ ಉಂಟು. ಕನ್ನಡದ ಪುಟಗಳನ್ನು ರಚಿಸುವವರು ಅಳತೆಯನ್ನು ಬರೆದು ಸುಮ್ಮನಾಗದೆ, ಅಕ್ಷರಗುಚ್ಛವನ್ನೂ ಪುಟದ ಜೊತೆಯಲ್ಲಿಯೇ ಕಳುಹಿಸಿಕೊಡುವುದು ಈಗ ಸಾಧ್ಯವಿದೆ. ಈ ಶ್ರಮವನ್ನು ಎಲ್ಲರೂ ತೆಗೆದುಕೊಳ್ಳುವುದಿಲ್ಲವೆಂಬುದು ಖೇದದ ಸಂಗತಿ.

ಇಷ್ಟೆಲ್ಲ ಭೇದಗಳಿರುವುದಕ್ಕಿಂತ ಎಲ್ಲ ಬ್ರೌಸರುಗಳೂ ಒಂದೇ ಅಳತೆಯನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಮಾಡಬಾರದೇ ಎಂದು ಕೇಳಬಹುದು. ಬ್ರೌಸರುಗಳ ಲೆಕ್ಕದ ಭೇದ ಹೋಗಬೇಕಾದುದು ನಿಜ, ಅದು ಬಹುಮಟ್ಟಿಗೆ ಹೋಗಿಯೂ ಇದೆ. ಆದರೆ ಓದುಗನು ಬೇಡಿ ಪಡೆದ ಭೇದವನ್ನು ಅಳಿಸುವುದು ಬೇರೆ ಮಾತು. ಶೈಲಿಭಾಷೆಯಲ್ಲಿ ರಚಕನಂತೆ ಓದುಗನೂ ತನ್ನ ಇಷ್ಟವನ್ನು ಬರೆದಿಡಬಹುದೆಂಬ ತತ್ತ್ವ ಮೊದಲಿನಿಂದಲೂ ಇದೆ. ಇಬ್ಬರೂ 'ಇದು ಮುಖ್ಯ' ಎಂದು ಪಟ್ಟುಹಿಡಿದರೆ ಯಾರ ಮಾತು ನಡೆಯಬೇಕು? 1996ರ ವಿಧಿಯಲ್ಲಿ ಗೆಲ್ಲುತ್ತಿದ್ದವನು ರಚಕ. 1998ರ ಎರಡನೆಯ ವಿಧಿಗ್ರಂಥ ಇದನ್ನು ತಲೆಕೆಳಗು ಮಾಡಿ ಓದುಗನಿಗೆ ಗೆಲವನ್ನು ಕೊಟ್ಟಿತು. ಕಣ್ಣು ಅವನದು ತಾನೆ! 2008ರಲ್ಲಿ ಪ್ರಕಟವಾದ ಸುಗಮತೆಯ ನಿಯಮಗಳು ಅಕ್ಷರವನ್ನು ಇಮ್ಮಡಿ ಹಿಗ್ಗಿಸಿದರೂ ಪುಟ ಓದಲು ಬರುವಂತಿರಬೇಕೆಂದವು. 2018ರ ಪರಿಷ್ಕರಣದಲ್ಲಿ 1280 ಪಿಕ್ಸೆಲ್ ಅಗಲದ ಪುಟವನ್ನು ನಾಲ್ಮಡಿ ಹಿಗ್ಗಿಸಿದಾಗಲೂ ಪ್ರತಿ ಸಾಲಿಗೂ ಅತ್ತಿತ್ತ ಸರಿಸದೆ ಓದಲು ಬರಬೇಕೆಂಬ ನಿಯಮ ಸೇರಿತು. ಅಕ್ಷರವನ್ನು ಹಿಗ್ಗಿಸಿದೊಡನೆ ಗುಂಡಿಗಳು ಒಂದರ ಮೇಲೊಂದು ಬಿದ್ದು, ಅರ್ಜಿಯ ಕೊನೆಯ ಸಾಲು ಪರದೆಯಿಂದಾಚೆ ಓಡಿಹೋಗುವ ಪುಟಗಳನ್ನು ನಾವು ಈಗಲೂ ಕಾಣುತ್ತೇವೆ. ಅಂತಹ ಪುಟವನ್ನು ರಚಿಸಿದವರಿಗೆ ತಮ್ಮ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ.

ತಮ್ಮ ಎರಡು ಬ್ರೌಸರುಗಳಲ್ಲಿ ಪುಟ ಬೇರೆ ಬೇರೆಯಾಗಿ ಕಾಣುತ್ತಿದೆಯೆಂಬ ವಾಚಕರು ಮೊದಲು ಎರಡರಲ್ಲಿಯೂ ಕಂಟ್ರೋಲ್ ಕೀಲಿಯೊಡನೆ ಸೊನ್ನೆಯನ್ನು ಒತ್ತಿ ನೋಡಬೇಕು; ಆ ತಾಣಕ್ಕೆ ನೆನಪಿನಲ್ಲಿದ್ದ ಹಿಗ್ಗುವಿಕೆ ಅಳಿಸಿಹೋಗಿ ಪುಟ ಸಹಜವಾದ ಅಳತೆಗೆ ಮರಳುತ್ತದೆ. ಬಹುಪಾಲು ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆಂದು ನಮ್ಮ ನಂಬಿಕೆ. ಹಾಗೆ ಮುಗಿಯದಿದ್ದರೆ ಬ್ರೌಸರಿನ ಆಯ್ಕೆಗಳಲ್ಲಿ ಅಕ್ಷರದ ಸಹಜ ಗಾತ್ರ 16 ಎಂದೇ ಇದೆಯೇ ನೋಡಬೇಕು. ಎರಡು ಯಂತ್ರಗಳನ್ನು ಹೋಲಿಸುತ್ತಿದ್ದರೆ ಕಾರ್ಯವ್ಯವಸ್ಥೆಯ ಹಿಗ್ಗುಮಾನವನ್ನೂ, ಕಿಟಕಿಯ ಅಗಲವನ್ನೂ ಸಮ ಮಾಡಿಕೊಂಡ ಮೇಲೆಯೇ ಹೋಲಿಸುವುದು ಸರಿ.

ಇಷ್ಟನ್ನೂ ಮಾಡಿದ ಬಳಿಕ ಯಾವುದೋ ಗೆರೆಯೊಂದು ಒಂದು ಚುಕ್ಕೆಯಷ್ಟು ಸರಿದಂತೆ ಕಂಡರೆ ಅದರ ಕಾರಣ ಬೇರೆ. ಬ್ರೌಸರುಗಳು ಪಿಕ್ಸೆಲನ್ನು ಇನ್ನೂ ಸಣ್ಣ ಪಾಲುಗಳಾಗಿ ಒಡೆದು ಲೆಕ್ಕ ಮಾಡುತ್ತವೆ. ಫೈರ್‌ಫಾಕ್ಸ್ ಅದನ್ನು 60 ಪಾಲುಗಳಾಗಿ ಒಡೆಯುತ್ತದೆ, ದಿನವನ್ನು 60 ಘಳಿಗೆಗಳಾಗಿಯೂ ಘಳಿಗೆಯನ್ನು 60 ವಿಘಳಿಗೆಗಳಾಗಿಯೂ ಒಡೆದ ನಮ್ಮ ಪಂಚಾಂಗದವರ ಹಾಗೆ. ಕ್ರೋಮ್ 64 ಪಾಲು ಮಾಡುತ್ತದೆ. ಎರಡರ ಘಾತಗಳು ಗಣಕಯಂತ್ರಕ್ಕೆ ಸುಲಭ. 100 ಪಿಕ್ಸೆಲನ್ನು ಮೂರು ಅಂಕಣಗಳಿಗೆ ಹಂಚಬೇಕಾದಾಗ ಮೊದಲನೆಯ ಪದ್ಧತಿಯಲ್ಲಿ ಒಂದೊಂದಕ್ಕೂ ಸರಿಯಾಗಿ 2000 ಪಾಲುಗಳು ಬರುತ್ತವೆ. ಎರಡನೆಯದರಲ್ಲಿ 2133 ಬಂದು, ಒಂದು ಪಾಲು ಯಾರಿಗೂ ಸಲ್ಲದೆ ಉಳಿಯುತ್ತದೆ. ಒಂದು ಪಿಕ್ಸೆಲಿನ ಅರವತ್ತನಾಲ್ಕನೆಯ ಆ ಒಂದು ಪಾಲು ಕಣ್ಣಿಗೆ ಕಾಣುವಂಥದಲ್ಲ. ಆದರೆ ಗೆರೆಯನ್ನು ಈ ಚುಕ್ಕೆಯ ಮೇಲೆ ಎಳೆಯಬೇಕೋ ಪಕ್ಕದ ಚುಕ್ಕೆಯ ಮೇಲೆ ಎಳೆಯಬೇಕೋ ಎಂಬ ಸಂದೇಹದ ಅಂಚಿನಲ್ಲಿ ಅಷ್ಟು ಸಾಕಾಗುತ್ತದೆ.